ಮಾತ್ರೆ ನುಂಗುವ ಬೀಡಿ

ಮನೋರೋಗಿಯ ಬೀಡಿ ಬಿಡಿಸಿದರೆ ರೋಗ ಕೆರಳೀತೆಂಬ ಭಯ ಮನೆಯವರಿಗಷ್ಟೇ ಅಲ್ಲ, ಆಸ್ಪತ್ರೆಯ ಸಿಬ್ಬಂದಿಗೂ ಇತ್ತು. ಹೇಳಿದ ಕೆಲಸ ಮಾಡಿದವನಿಗೆ ಅವರೇ ಸಿಗರೇಟು ಇನಾಮು ಕೊಡುವ ರೂಢಿ ಹಲವು ದೇಶಗಳಲ್ಲಿತ್ತು! ಆದರೆ ಚಟ ಬಿಟ್ಟವರಲ್ಲಿ, ಮನೋರೋಗಿಗಳಲ್ಲೂ, ಖಿನ್ನತೆ, ಆತಂಕ ತಗ್ಗುವುದನ್ನು 26 ಅಧ್ಯಯನಗಳ ವಿಶ್ಲೇಷಣೆ 2014ರಲ್ಲಿ ತೋರಿಸಿತು.

ಅಪಾಯವಿರುವುದು ಬೇರೆಡೆ. ಹೊಗೆಯಿಂದ ಯಕೃತ್ತು ಚುರುಕಾಗಿ ಕ್ಲೋಜಪಿನ್, ಒಲಾಂಜಪಿನ್ ಔಷಧಗಳನ್ನು ಬೇಗ ಕರಗಿಸಿಬಿಡುತ್ತದೆ. ಹೊಗೆ ನಿಷೇಧವಿರುವ ಧಾರವಾಡದ ಡಿಮ್ಹಾನ್ಸ್‌ನಲ್ಲೋ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೋ ಮಾತ್ರೆ ಹದಕ್ಕೆ ಬಂದ ರೋಗಿ, ಹುಮನಾಬಾದಿನಲ್ಲಿಳಿದು ಬಸವಕಲ್ಯಾಣದ ಬಸ್ಸು ಬರುವಷ್ಟರಲ್ಲಿ ಬೀಡಿ ಹಚ್ಚಿದನೆನ್ನಿ. ಚಟ ಮರಳಿದರೆ ಅದೇ ಮಾತ್ರೆ ಸಾಲದು. ಮುಂದೆ ಥಟ್ಟನೆ ಬಿಟ್ಟರೆ ಹೆಚ್ಚಿಸಿದ ಮಾತ್ರೆ ಅತಿಯಾಗಿ ಮಂಪರು. ಕ್ಲೋಜಪಿನ್ ಆದರೆ ಫಿಟ್ಸ್ ಕೂಡ! ಬಿಡುವ ಮುನ್ನ ವೈದ್ಯರಿಗೆ ತಿಳಿಸಲೇಬೇಕು. ಧೈರ್ಯ ತುಂಬಲು ರಾಷ್ಟ್ರೀಯ ಕ್ವಿಟ್‌ಲೈನ್ 1800-11-2356ರಲ್ಲಿ ಕನ್ನಡ ಬಲ್ಲವರಿದ್ದಾರೆ, ಕರೆ ಉಚಿತ.