ಮೇ ಕಂಬವೂ ನಮ್ಮ ಜಡೆ ಕೋಲಾಟವೂ

ಯುಗಾದಿಯ ದಿನ ನಮ್ಮ ಸಂಘದ ಮಕ್ಕಳು ಜಡೆ ಕೋಲಾಟ ಆಡಿದರು. ಮೇಲೆ ತೊಲೆಗೆ ಕಟ್ಟಿದ ಬಣ್ಣದ ಹಗ್ಗಗಳ ತುದಿಯನ್ನು ಒಂದು ಕೈಯಲ್ಲಿ, ಕೋಲನ್ನು ಇನ್ನೊಂದು ಕೈಯಲ್ಲಿ ಹಿಡಿದು, ಒಬ್ಬರನ್ನೊಬ್ಬರು ಹಾಯ್ದು ಸುತ್ತಿ ಜಡೆ ಹೆಣೆದರು; ಬಂದ ಹೆಜ್ಜೆಯಲ್ಲೇ ಹಿಂದಿರುಗಿ ಬಿಚ್ಚಿದರು. ಆಟ ಮುಗಿದ ಮೇಲೆ ಹಿರಿಯರೊಬ್ಬರು, "ನಮ್ಮೂರಲ್ಲಿ ಇದನ್ನು ಗಂಡಸರು ಆಡುತ್ತಿದ್ದರು. ಪದವನ್ನೂ ಅವರೇ ಹೇಳುತ್ತಿದ್ದರು. ಇಲ್ಲಿ ನೋಡಿದರೆ ಆಡುವವರು ಹುಡುಗಿಯರು, ಹಗ್ಗ ನೈಲಾನಿನದು, ಹಾಡು ಸ್ಪೀಕರಿನದು. ಇದು ಕೋಲಾಟವೇ ಅಲ್ಲ" ಎಂದುಬಿಟ್ಟರು.

ಹಗ್ಗ ಹಿಡಿದವರಲ್ಲಿ ನನ್ನ ಮಗಳೂ ಒಬ್ಬಳು. ಮನೆಗೆ ಬರುವ ದಾರಿಯಲ್ಲಿ ಅವಳು, "ಅಪ್ಪಾ, ಹಾಗಾದರೆ ನಾವು ಆಡಿದ್ದು ಸುಳ್ಳೇ? ಬರುವ ವರ್ಷ ನಾನು ಸೇರುವುದಿಲ್ಲ" ಎಂದಳು. ಆಗ ನನಗೆ ಉತ್ತರ ತೋಚಲಿಲ್ಲ. ಮುಂದೊಂದು ದಿನ ಯೂರೋಪಿನ ಮೇ ಕಂಬದ ವಿಷಯ ಓದುತ್ತಿರುವಾಗ ತೋಚಿತು.

ಮೇ 1 ಯೂರೋಪಿನ ಹಲವು ಕಡೆ ವಸಂತದ ಹಬ್ಬ. ಅಂದು ಊರ ನಡುವೆ ಎತ್ತರದ ಕಂಬ ನಿಲ್ಲಿಸುವ ಪದ್ಧತಿ ಬಹಳ ಹಳೆಯದು. ಜರ್ಮನಿಯ ದಕ್ಷಿಣಕ್ಕಿರುವ ಬವೇರಿಯಾದಲ್ಲಿ ಇದರ ಸಂಭ್ರಮ ಹೆಚ್ಚು. ನೆಟ್ಟನೆಯ ಮರವೊಂದನ್ನು ಕಡಿದು, ತೊಗಟೆ ಸುಲಿದು, ನೀಲಿ ಬಿಳಿ ಪಟ್ಟೆ ಬಳಿಯುತ್ತಾರೆ. ಬಡಗಿ, ಕಮ್ಮಾರ ಮೊದಲಾದ ಊರ ಕಸುಬುದಾರರ ಚಿಹ್ನೆಗಳನ್ನು ಅದಕ್ಕೆ ಜೋಡಿಸುತ್ತಾರೆ.

ಅದನ್ನು ಎತ್ತುವ ರೀತಿ ನೋಡುವಂಥದು. ಎರಡೆರಡು ಗಳಗಳ ತುದಿಗಳನ್ನು ಹಗ್ಗದಿಂದ ಬಿಗಿದು ಕವೆಯಂತೆ ಮಾಡಿ ಕಂಬಕ್ಕೆ ಆನಿಸುತ್ತಾರೆ. ಮುಖಂಡನೊಬ್ಬ ಕೂಗು ಹಾಕಿದೊಡನೆ ಎಲ್ಲರೂ ಒಮ್ಮೆಗೇ ನೂಕಬೇಕು. ಕಂಬ ಒಂದಿಷ್ಟು ಏಳುತ್ತದೆ. ಗಿಡ್ಡ ಗಳ ತೆಗೆದು ಉದ್ದದ ಗಳ ಕೊಡುತ್ತಾರೆ. ಮತ್ತೆ ಕೂಗು, ಮತ್ತೆ ನೂಕು. ಹೀಗೆ ಗಂಟೆಗಟ್ಟಲೆ ನಡೆಯುತ್ತದೆ. ಈಗ ಅನೇಕ ಊರುಗಳಲ್ಲಿ ಈ ಕೆಲಸವನ್ನು ಕ್ರೇನು ಸುಲಭವಾಗಿ ಮುಗಿಸುತ್ತದೆ. ಆದರೆ ಅಲ್ಲಿ ಊರವರಿಗೆ ನಿಂತು ನೋಡುವುದಷ್ಟೇ ಉಳಿಯುತ್ತದೆ.

ಇನ್ನೊಂದು ತಮಾಷೆಯಿದೆ. ಕಂಬ ನಿಲ್ಲುವ ಮುನ್ನ ನೆರೆಯೂರಿನ ಹುಡುಗರು ರಾತ್ರಿ ಬಂದು ಅದನ್ನು ಕದ್ದೊಯ್ಯಬಹುದು! ಪೋಲೀಸರಿಗೆ ದೂರು ಕೊಡುವಂತಿಲ್ಲ. ಬೀರು, ಊಟ ಕೊಟ್ಟು ಬಿಡಿಸಿಕೊಳ್ಳಬೇಕು. ಆದ್ದರಿಂದ ರಾತ್ರಿಯೆಲ್ಲ ಕಾವಲು. ಉತ್ತರ ಕರ್ನಾಟಕದ ಕಡೆಯ ಓದುಗರಿಗೆ ಕಾಮನ ಹುಣ್ಣಿಮೆಯ ಕಟ್ಟಿಗೆ ಕುಳ್ಳಿನ ಕಳವು ನೆನಪಾಗದೆ ಇರದು. ಈ ಕಳ್ಳತನವೂ ಕಾಲಕ್ಕೆ ತಕ್ಕಂತೆ ಬದಲಾಗಿದೆ. 2004ರಲ್ಲಿ ಜರ್ಮನಿಯ ಅತ್ಯುನ್ನತ ಶಿಖರವಾದ ತ್ಸುಗ್‌ಷ್ಪಿಟ್ಸೆಯ ಮೇಲಿನ ಕಂಬವನ್ನು ಹೆಲಿಕಾಪ್ಟರಿನಲ್ಲಿ ಹೊತ್ತೊಯ್ದರು!

ಇಂಗ್ಲೆಂಡಿನ ಕಥೆ ಬೇರೆ. ಅಲ್ಲಿ ಮಡಿವಂತ ಪ್ಯೂರಿಟನ್ನರ ಕೈ ಮೇಲಾಗಿದ್ದಾಗ, 1644ರಲ್ಲಿ, ಪಾರ್ಲಿಮೆಂಟು ಮೇ ಕಂಬಗಳನ್ನೆಲ್ಲ ಕೆಡವಲು ಆಜ್ಞೆ ಮಾಡಿತು. 1660ರಲ್ಲಿ ಅರಸೊತ್ತಿಗೆ ಮರಳಿದೊಡನೆ ಕಂಬಗಳೂ ಮರಳಿದವು. ಮರುವರ್ಷವೇ ಲಂಡನ್ನಿನ ಸ್ಟ್ರ್ಯಾಂಡ್ ಬೀದಿಯಲ್ಲಿ 134 ಅಡಿಯ ಕಂಬ ಎದ್ದಿತು.

ಇಂದು ಇಂಗ್ಲೆಂಡಿನ ಮಕ್ಕಳು ಕಂಬದ ತುದಿಯಿಂದ ಇಳಿಬಿಟ್ಟ ಬಣ್ಣದ ಪಟ್ಟಿಗಳನ್ನು ಹಿಡಿದು ಜಡೆ ಹೆಣೆಯುತ್ತ ಕುಣಿಯುತ್ತಾರೆ, ನಮ್ಮ ಕೋಲಾಟದಂತೆಯೇ. ನೋಡಿದವರು ಇದು ಅನಾದಿಯಿಂದ ಬಂದ ಹಳ್ಳಿಯ ಕುಣಿತವೆನ್ನುತ್ತಾರೆ. ಆದರೆ ಹಿಂದಿನ ಹಳ್ಳಿಗರು ಕಂಬದ ಸುತ್ತ ಬರಿಗೈಯಲ್ಲಿ ಕುಣಿಯುತ್ತಿದ್ದರು. ಪಟ್ಟಿಯ ಕುಣಿತ 19ನೆಯ ಶತಮಾನದಲ್ಲಿ ನಾಟಕರಂಗದಿಂದ ಬಂದದ್ದು. ಲಂಡನ್ನಿನ ವೈಟ್‌ಲ್ಯಾಂಡ್ಸ್ ಎಂಬ ಶಿಕ್ಷಕಿಯರ ತರಬೇತಿ ಕಾಲೇಜಿನಲ್ಲಿ 1881ರಲ್ಲಿ ಜಾನ್ ರಸ್ಕಿನ್ನರ ಪ್ರೇರಣೆಯಿಂದ ಮೇ ಹಬ್ಬ ಆರಂಭವಾಯಿತು. ಅಲ್ಲಿ ಕಲಿತ ಶಿಕ್ಷಕಿಯರು ಇಂಥ ಹಬ್ಬವನ್ನೂ ಕುಣಿತವನ್ನೂ ಶಾಲೆ ಶಾಲೆಗೆ ಒಯ್ದರು. ಮಕ್ಕಳು ಕಲಿತರು, ಅವರ ಮಕ್ಕಳೂ ಕಲಿತರು, ಅದೇ ಸಂಪ್ರದಾಯವಾಯಿತು.

ಇಷ್ಟನ್ನೂ ಮಗಳಿಗೆ ಹೇಳಿದೆ. ಗಂಡಸರ ಬದಲು ಹುಡುಗಿಯರು ಆಡಿದರೆ, ನೂಲಿನ ಬದಲು ನೈಲಾನ್ ಬಂದರೆ ಆಟ ಸುಳ್ಳಾಗದು. ಆದರೆ ಹಿರಿಯರ ಒಂದು ಮಾತು ನಿಜ. ಆಡುವವರ ಬಾಯಲ್ಲಿದ್ದ ಪದವನ್ನು ಸ್ಪೀಕರಿಗೆ ಒಪ್ಪಿಸುವುದೂ ಕಂಬವನ್ನು ಕ್ರೇನಿಗೆ ಒಪ್ಪಿಸುವುದೂ ಒಂದೇ. ಕೈಗೆ, ಬಾಯಿಗೆ ಕೆಲಸವಿಲ್ಲದ ಹಬ್ಬ ಎಷ್ಟು ದಿನ ನಡೆದೀತು?

ಮರುದಿನ ಅವಳನ್ನು ಕರೆದುಕೊಂಡು ಆ ಹಿರಿಯರ ಮನೆಗೆ ಹೋದೆ. "ತಾತಾ, ನಿಮ್ಮೂರ ಪದ ನಮಗೆ ಹೇಳಿಕೊಡುತ್ತೀರಾ?" ಎಂದು ಅವಳೇ ಕೇಳಿದಳು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಕನ್ನಡಕ ತೆಗೆದು ಒರೆಸಿಕೊಂಡು, ಮೆಲ್ಲಗೆ ಮೇಜಿನ ಮೇಲೆ ತಾಳ ಹಾಕತೊಡಗಿದರು.

ಈಗ ಪ್ರತಿ ಭಾನುವಾರ ಸಂಜೆ ಸಂಘದಲ್ಲಿ ಅಭ್ಯಾಸ ನಡೆದಿದೆ. ಅವರಿಗೆ ನಾಲ್ಕು ಪದ ಪೂರ್ತಿ ನೆನಪಿದೆ, ಐದನೆಯದು ಅರ್ಧ. ಉಳಿದರ್ಧ ಬಲ್ಲ ಸದಸ್ಯರು ಯಾರಾದರೂ ಇದ್ದರೆ ದಯವಿಟ್ಟು ಬನ್ನಿ.