ಸರ್ಪಗಂಧದ ಬೇರು

ಪಶ್ಚಿಮ ಘಟ್ಟದ ಕಾಡುಗಳಲ್ಲಿಯೂ ಹಿಮಾಲಯದ ತಪ್ಪಲಿನಲ್ಲಿಯೂ ಹೆಮ್ಮರಗಳ ನೆರಳನ್ನಾಶ್ರಯಿಸಿ ಬೆಳೆಯುವ, ಸೊಂಟದೆತ್ತರವನ್ನು ಮೀರುವುದೇ ವಿರಳವಾದ ಒಂದು ಪೊದೆಗಿಡವುಂಟು. ಗಿಣ್ಣಿಗೆ ಮೂರು ನಾಲ್ಕರಂತೆ ಸುತ್ತುಗಟ್ಟಿದ ಎಲೆ, ಕೆಂಪು ತೊಟ್ಟಿನ ಬಿಳಿಯ ಹೂಗೊಂಚಲು, ಮಾಗಿದಂತೆ ಕಪ್ಪೇರುವ ಸಣ್ಣ ಹಣ್ಣು, ಇವೇ ಅದರ ಕುರುಹು. ಕಣಗಿಲೆಯ ಕುಲಕ್ಕೆ ಸೇರಿದ ಈ ಸಸ್ಯವೇ ಸರ್ಪಗಂಧ. ಸೂತ್ರನಾಭಿಯೆಂದೂ ಇದನ್ನು ಕರೆವರು. ಇದರ ಮಹಿಮೆಯೆಲ್ಲವೂ ಮಣ್ಣಿನೊಳಗೆ ಇಳಿದಿರುವ, ಕಡುಕಹಿಯಾದ ಬೇರಿನಲ್ಲಿದೆ. ಉನ್ಮಾದಕ್ಕೂ ನಿದ್ರಾನಾಶಕ್ಕೂ ಹಾವಿನ ಕಡಿತಕ್ಕೂ ನಮ್ಮ ಹಿರಿಯರು ಇದನ್ನು ತೇಯ್ದು ಕುಡಿಸುತ್ತಿದ್ದರು. ಇವುಗಳಲ್ಲಿ ಕಡೆಯ ನಂಬಿಕೆಗೆ ಆಧಾರವಿಲ್ಲ. ಹಾವು ಕಚ್ಚಿದವನಿಗೆ ಪ್ರತಿವಿಷದ ಚುಚ್ಚುಮದ್ದೇ ಗತಿ. ಮೊದಲಿನವೆರಡು ಮಾತ್ರ ಪರೀಕ್ಷೆಯಲ್ಲಿ ನಿಂತವು.

1931ರಲ್ಲಿ ಕಲ್ಕತ್ತೆಯ ಗಣನಾಥ ಸೇನರೂ ಕಾರ್ತಿಕಚಂದ್ರ ಬೋಸರೂ ಈ ಬೇರು ಉನ್ಮಾದವನ್ನು ಶಮನಗೊಳಿಸುವುದಲ್ಲದೆ ರಕ್ತದ ಒತ್ತಡವನ್ನೂ ಇಳಿಸುವುದೆಂದು ಪ್ರಕಟಿಸಿದರು. ಅದೇ ವರ್ಷ ದೆಹಲಿಯ ತಿಬ್ಬಿಯಾ ಕಾಲೇಜಿನಲ್ಲಿ ಸಲೀಮುಜ್ಜಮಾನ್ ಸಿದ್ದೀಕಿಯವರೂ ರಫತ್ ಹುಸೇನ್ ಸಿದ್ದೀಕಿಯವರೂ ಬೇರಿನಿಂದ ಐದು ಆಲ್ಕಲಾಯ್ಡ್‌ಗಳನ್ನು, ಎಂದರೆ ಸಾರಜನಕವುಳ್ಳ ಕ್ಷಾರಸ್ವಭಾವದ ಸಸ್ಯಪದಾರ್ಥಗಳನ್ನು, ಬೇರ್ಪಡಿಸಿ, ಆ ಕಾಲೇಜಿನ ಸ್ಥಾಪಕರಾದ ಹಕೀಮ್ ಅಜ್ಮಲ್ ಖಾನರ ಸ್ಮರಣಾರ್ಥವಾಗಿ ಅವುಗಳಲ್ಲೊಂದಕ್ಕೆ ಅಜ್ಮಲಿನ್ ಎಂದು ಹೆಸರಿಟ್ಟರು. ಹೃದಯದ ಲಯವನ್ನು ನಿಯಂತ್ರಿಸುವ ಶಕ್ತಿ ಅದಕ್ಕುಂಟು. ಆದರೆ ಬೇರಿನ ಶಾಂತಿಕಾರಕ ಗುಣವು ಈ ಐದರಲ್ಲಿ ಯಾವುದಕ್ಕೂ ಪೂರ್ಣವಾಗಿ ಸಲ್ಲುವಂತಿರಲಿಲ್ಲ.

ಕಾರಣವು ರಸಾಯನಶಾಸ್ತ್ರದ್ದೇ. ಬೇರಿನ ಪುಡಿಯನ್ನು ಮದ್ಯಸಾರದಲ್ಲಿ ನೆನೆಯಿಟ್ಟು, ಬಂದ ಸಾರವನ್ನು ಆಮ್ಲಜಲದೊಡನೆ ಕಲಕಿದರೆ ಪ್ರಬಲ ಕ್ಷಾರಗಳು ಲವಣಗಳಾಗಿ ನೀರಿಗಿಳಿಯುತ್ತವೆ, ಅಂಟುರಾಳವು ಹಿಂದುಳಿಯುತ್ತದೆ. ನೀರಿಗೆ ಬಂದುದನ್ನೇ ಶೋಧಿಸುವುದು ವಾಡಿಕೆ. ಬೇಕಾಗಿದ್ದ ವಸ್ತುವೋ ದುರ್ಬಲ ಕ್ಷಾರವಾದ್ದರಿಂದ ನೀರಿಗೆ ಹೋಗದೆ ರಾಳದಲ್ಲಿಯೇ ಅಡಗಿತ್ತು. ಮುಂಬಯಿಯ ಹೃದ್ರೋಗತಜ್ಞ ರುಸ್ತುಂ ವಕೀಲರು 1949ರಲ್ಲಿ ರಕ್ತದೊತ್ತಡದ 50 ಮಂದಿ ರೋಗಿಗಳ ಮೇಲಿನ ಅನುಭವವನ್ನು ಇಂಗ್ಲೆಂಡಿನ ಪತ್ರಿಕೆಯೊಂದರಲ್ಲಿ ಪ್ರಕಟಿಸಿ ಪಾಶ್ಚಾತ್ಯರ ಗಮನವನ್ನು ಇತ್ತ ಸೆಳೆದ ತರುವಾಯ, 1952ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಸೀಬಾ ಸಂಸ್ಥೆಯ ಮುಲ್ಲರ್, ಷ್ಲಿಟ್ಲರ್, ಬೈನ್ ಎಂಬ ಮೂವರು ಆ ರಾಳವನ್ನೇ ಶೋಧಿಸಿ ಹರಳುರೂಪದ ರಿಸರ್ಪಿನ್ನನ್ನು ಹೊರತೆಗೆದರು.

ಅದು ಕೆಲಸ ಮಾಡುವ ಬಗೆ ಅತ್ಯಂತ ಸೂಕ್ಷ್ಮವಾದುದು. ನರಗಳ ತುದಿಯಲ್ಲಿ ನಾರ್‌ಅಡ್ರಿನಲಿನ್ ಎಂಬ ದ್ರವ್ಯವು ಕಣಜದಲ್ಲಿಟ್ಟ ಧಾನ್ಯದಂತೆ ಕಿರುಕೋಶಗಳಲ್ಲಿ ಸಂಗ್ರಹವಾಗಿದ್ದು, ಅಗತ್ಯ ಬಂದಾಗ ಹೊರಚೆಲ್ಲಿ ರಕ್ತನಾಳಗಳನ್ನು ಬಿಗಿಗೊಳಿಸುತ್ತದೆ. ಅದನ್ನು ಕೋಶದೊಳಕ್ಕೆ ತುಂಬುವ ಯಂತ್ರವನ್ನೇ ರಿಸರ್ಪಿನ್ ತಡೆಯುವುದರಿಂದ, ಹೊರಗುಳಿದ ದ್ರವ್ಯವನ್ನು ಅಲ್ಲಿನ ಕಿಣ್ವವು ನಾಶಪಡಿಸುತ್ತದೆ. ದಾಸ್ತಾನು ಬರಿದಾಗಿ ನಾಳಗಳು ಸಡಿಲುತ್ತವೆ, ಒತ್ತಡವು ಇಳಿಯುತ್ತದೆ. ಈ ಕೆಲಸ ನಿಧಾನವಾದುದು. ಔಷಧವನ್ನು ನಿಲ್ಲಿಸಿದ ಮೇಲೂ ಪರಿಣಾಮವು ಬಹುದಿನ ಉಳಿಯುವುದು.

ಮಿದುಳಿನಲ್ಲಿಯಾದರೋ ಸೆರೊಟೋನಿನ್, ಡೋಪಮಿನ್‌ಗಳೂ ಹೀಗೆಯೇ ಬರಿದಾಗುತ್ತವೆ. ಉನ್ಮತ್ತನು ಶಾಂತನಾಗುವುದೂ, ಮಾತ್ರೆ ಮೀರಿದರೆ ಮನಸ್ಸು ಕುಗ್ಗಿ ಅಂಗಗಳು ಬಿಗಿಯುವುದೂ ಒಂದೇ ಕಾರಣದಿಂದ. 1957ರಲ್ಲಿ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ನರು ರಿಸರ್ಪಿನ್ನಿನಿಂದ ಜಡವಾಗಿ ಬಿದ್ದ ಮೊಲಗಳಿಗೆ, ಮಿದುಳಿನಲ್ಲಿ ಡೋಪಮಿನ್ ಆಗಿ ಮಾರ್ಪಡುವ ಎಲ್-ಡೋಪಾವನ್ನು ಚುಚ್ಚಿ ಅವುಗಳನ್ನು ಮತ್ತೆ ಓಡಾಡಿಸಿದರು. ಪಾರ್ಕಿನ್ಸನ್ ರೋಗದ ಇಂದಿನ ಚಿಕಿತ್ಸೆಗೆ ದಾರಿ ತೋರಿದ ಈ ಪ್ರಯೋಗವನ್ನು ನಾನು ರಿಸರ್ಪಿನ್ನಿನ ಪರಮ ಪ್ರಯೋಜನವೆಂದೇ ಎಣಿಸುತ್ತೇನೆ. 2000ದಲ್ಲಿ ಕಾರ್ಲ್‌ಸನ್ನರಿಗೆ ನೊಬೆಲ್ ಪುರಸ್ಕಾರವು ಸಂದಿತು.

ದಿನಕ್ಕೆ ಕಾಲು ಮಿಲಿಗ್ರಾಮಿನಷ್ಟೇ ಸಾಕಾಗುವ ಇಂಥ ಪ್ರಬಲ ವಸ್ತುವನ್ನು, ಬೇರಿನಿಂದ ಬೇರಿಗೆ ಸಾರದ ಪ್ರಮಾಣವು ಬದಲಾಗುತ್ತಿರುವಾಗ, ಮನೆಯಲ್ಲಿ ತೇಯ್ದು ಕುಡಿಯುವುದು ಅಪಾಯಕರ. ಕಿತ್ತರೆ ಗಿಡವೇ ಹೋಗುವುದರಿಂದ ಕಾಡಿನ ಸಂತತಿಯೂ ಕ್ಷೀಣಿಸಿದೆ. ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಈಗ ಕಟ್ಟುಪಾಡುಗಳುಂಟು. ಹೊಲದಲ್ಲಿ ಬೆಳೆಯುವವರು ಎರಡು ಮೂರು ವರ್ಷ ಕಾದು ಬೇರನ್ನು ಅಗೆಯುತ್ತಾರೆ. ಆಲ್ಕಲಾಯ್ಡ್‌ಗಳ ಬಹುಭಾಗವು ಬೇರಿನ ತೊಗಟೆಯಲ್ಲಿಯೇ ಇರುವುದರಿಂದ, ಮಣ್ಣನ್ನು ತೊಳೆಯುವಾಗ ಆ ತೊಗಟೆ ಸುಲಿದುಹೋಗದಂತೆ ಅವರು ಎಚ್ಚರ ವಹಿಸಬೇಕು.