ಕಾಣುವ ಹೊಗೆ, ಕಾಣದ ಹೊಗೆ: ಮರದ ದೋಣಿಯಲ್ಲಿ ಒಲೆ

ಇವತ್ತಿನ ನನ್ನ ಮಾತು 'ಹೊಗೆ' ಅನ್ನೋ ಪದದಿಂದ ಶುರುವಾಗುತ್ತೆ. ಹಳಗನ್ನಡದಲ್ಲಿ ಅದು 'ಪೊಗೆ', ತಮಿಳಿನಲ್ಲಿ ಇವತ್ತಿಗೂ 'ಪುಗೈ'. ಎಡಪ್ಪಾಡಿ ಕಡೆಯಿಂದ ಕಾವೇರಿಯ ಮೇಲ್ದಿಕ್ಕಿಗೆ, ಮೆಟ್ಟೂರು ಅಣೆಕಟ್ಟು ದಾಟಿ ಹೋದರೆ ಧರ್ಮಪುರಿ ಜಿಲ್ಲೆಯ ಹೊಗೇನಕಲ್ ಸಿಗುತ್ತದೆ. ಊರು ತಮಿಳುನಾಡಿನದು, ಹೆಸರು ಕನ್ನಡದ್ದು: ಹೊಗೆಯ ಕಲ್ಲು. ಅಲ್ಲಿ ಹೊಗೆಯ ಹಾಗೆ ಕಾಣೋದು ನೀರಿನ ತುಂತುರು. ಮೀನು ಹುರಿಯುವ ಒಲೆಗಳಿರೋದು ದಡದ ಮೇಲೆ, ಹರಿಗೋಲಿನಲ್ಲಲ್ಲ. ಎಡಪ್ಪಾಡಿ ತಾಲ್ಲೂಕಿನ ಪೂಲಾಂಪಟ್ಟಿಯಲ್ಲೂ ದೋಣಿ ಅಂದರೆ ಆಚೆ ದಡಕ್ಕೆ ದಾಟೋದಷ್ಟೇ. ಅದರಲ್ಲಿ ಒಲೆಯ ಅಗತ್ಯವೇ ಇಲ್ಲ.

ಜನ ದೋಣಿಯಲ್ಲೇ ವಾಸ ಮಾಡುವ ಕಡೆ ಒಲೆಯ ಪ್ರಶ್ನೆ ಬರುತ್ತೆ. ನಮ್ಮ ದೇಶದಲ್ಲಿ ಅದಕ್ಕೆ ಉದಾಹರಣೆ ಶ್ರೀನಗರದ ದಾಲ್ ಸರೋವರ. ದೇವದಾರು ಮರದ ಹೌಸ್‌ಬೋಟು, ಚಳಿಗೆ ಒಳಗೆ ಸೌದೆ ಉರಿಸುವ ತಗಡಿನ ಬುಖಾರಿ. 2023ರ ನವೆಂಬರಿನಲ್ಲಿ ಅಲ್ಲಿ ಬೆಂಕಿ ಒಂದು ದೋಣಿಯಿಂದ ಇನ್ನೊಂದಕ್ಕೆ ಹಬ್ಬಿ ಮೂವರು ಪ್ರವಾಸಿಗರು ತೀರಿಕೊಂಡರು. ಕಾರಣ ಏನೇ ಇರಲಿ, ಮರದ ದೋಣಿಯಲ್ಲಿ ಬೆಂಕಿ ಎಷ್ಟು ಬೇಗ ಕೈಮೀರುತ್ತೆ ಅನ್ನೋದಕ್ಕೆ ಅದು ಸಾಕ್ಷಿ.

ಮೊದಲನೆಯ ಅಪಾಯ ಶಾಖದ್ದು. ಮರ ಹೊತ್ತಿಕೊಳ್ಳೋಕೆ ಜ್ವಾಲೆ ಮುಟ್ಟಲೇಬೇಕು ಅಂತಿಲ್ಲ. ವರ್ಷಗಟ್ಟಲೆ ಕಾದ ಹಲಗೆ ಒಳಗೊಳಗೇ ಕರಕಲಾಗಿ, ಆಮೇಲೆ ಕಡಿಮೆ ಶಾಖಕ್ಕೂ ಹತ್ತಿಕೊಳ್ಳಬಹುದು. ಹಲಗೆಗೆ ನೇರವಾಗಿ ತಗಡು ಹೊಡೆದರೆ ಶಾಖ ಹಲಗೆಗೇ ಹೋಗುತ್ತೆ, ಕರಕಲು ಕಣ್ಣಿಗೂ ಬೀಳೋದಿಲ್ಲ. ತಗಡನ್ನು ಸುಮಾರು ಒಂದು ಅಂಗುಲ ಮುಂದಕ್ಕೆ, ಉರಿಯದ ತುಂಡುಗಳ ಆಧಾರದ ಮೇಲೆ ನಿಲ್ಲಿಸಬೇಕು. ಮೇಲೂ ಕೆಳಗೂ ತೆರೆದಿರಬೇಕು. ತಣ್ಣನೆಯ ಗಾಳಿ ಕೆಳಗಿನಿಂದ ನುಗ್ಗಿ, ಬಿಸಿಯಾಗಿ ಮೇಲಿಂದ ಹೊರಡುತ್ತೆ. ಒಲೆಯಡಿ ದಪ್ಪ ಕಲ್ಲು ಅಥವಾ ಇಟ್ಟಿಗೆ ಹಾಸಬೇಕು. ದೋಣಿ ಹೊಯ್ದಾಡುವುದರಿಂದ ಒಲೆಯನ್ನು ಬೋಲ್ಟು ಹಾಕಿ ಬಿಗಿಯಬೇಕು, ಪಾತ್ರೆ ಜಾರದ ಹಾಗೆ ಸುತ್ತ ಕಂಬಿ ಕಟ್ಟಬೇಕು. ಚಾವಣಿ ದಾಟುವ ಕಡೆ ಹೊಗೆಕೊಳವೆ ಮರಕ್ಕೆ ತಾಗಬಾರದು. ಬೂದಿ ಮುಚ್ಚಳವಿರುವ ಲೋಹದ ಡಬ್ಬಿಗೆ, ಅದೂ ದೋಣಿಯ ಹೊರಗೆ.

ಎರಡನೆಯದು ಕಾಣದ ಅಪಾಯ. 'ಬೆಂಕಿಯಿಲ್ಲದೆ ಹೊಗೆಯಾಡದು' ಅಂತೀವಿ; ಗಾದೆ ಹೊಗೆಯನ್ನು ಬೆಂಕಿಯ ಗುರುತಾಗಿ ನಂಬುತ್ತೆ. ನಿಗಿನಿಗಿ ಕೆಂಡದ ವಿಷಯದಲ್ಲಿ ಈ ನಂಬಿಕೆ ಕೈಕೊಡುತ್ತೆ. ಹೊಗೆ ನಿಂತಿತು ಅಂತ ಬಾಗಿಲು ಹಾಕಿ ಮಲಗಿದಾಗಲೇ ಕೆಂಡ ಕಾರ್ಬನ್ ಮಾನಾಕ್ಸೈಡ್ ಬಿಡುತ್ತಿರುತ್ತೆ. ಬಣ್ಣವಿಲ್ಲ, ವಾಸನೆಯಿಲ್ಲ, ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಸುಮಾರು 200 ಪಟ್ಟು ಬಲವಾಗಿ ಅಂಟಿಕೊಳ್ಳುತ್ತೆ. ಮಲಗಿದವರಿಗೆ ಎಚ್ಚರವೇ ಆಗದೆ ಹೋಗಬಹುದು. ಹಾಗಾಗಿ ಮುಚ್ಚಲಾಗದ ಗಾಳಿಕಿಂಡಿ, ಮಸಿ ತೆಗೆದ ಕೊಳವೆ, ಬಿಗಿಯಾದ ಕೀಲು, ಜೊತೆಗೆ ಈ ಅನಿಲ ಪತ್ತೆ ಮಾಡುವ ಅಲಾರಂ, ನಾಲ್ಕೂ ಬೇಕು. ಕಾಲುವೆ ದೋಣಿಗಳಲ್ಲೇ ಬದುಕುವವರಿರುವ ಬ್ರಿಟನ್ನಿನಲ್ಲಿ ಇಂಥ ಒಲೆ ಕೂರಿಸಲು 2010ರಲ್ಲೇ ಬಿಎಸ್ 8511 ಎಂಬ ಸಂಹಿತೆ ಬಂದಿದೆ.

ಒಟ್ಟಿನಲ್ಲಿ, ಕಾಣುವ ಹೊಗೆಗೆ ಕೊಳವೆ ಇಟ್ಟರೆ ಕೆಲಸ ಅರ್ಧ ಮಾತ್ರ ಮುಗಿದ ಹಾಗೆ. ಭಾಷೆಯಲ್ಲಿ ಹೆಸರೇ ಇಲ್ಲದ ಆ ಇನ್ನೊಂದು ಹೊಗೆಗೂ ದಾರಿ ಬಿಡಬೇಕು. ಪ್ರಶ್ನೆಗಳಿದ್ದರೆ ಚರ್ಚಿಸೋಣ.